ಗೋಣಿ ನೇಯ್ದ ಊರಿನಲ್ಲಿ ಆಟ ಹೆಣೆದವರು

ಎಡಿನ್‌ಬರೋದಿಂದ ಉತ್ತರಕ್ಕೆ ಹೊರಟ ರೈಲು ಸುಮಾರು ಒಂದೂಕಾಲು ಗಂಟೆ ಓಡಿದ ಮೇಲೆ ಟೇ ನದಿಯ ಸೇತುವೆಗೆ ಬರುತ್ತದೆ. ನದಿಯೆನ್ನುವುದಕ್ಕಿಂತ ಅಳಿವೆಯೆನ್ನುವುದೇ ಸರಿ. ಸಮುದ್ರದ ಉಪ್ಪುನೀರು ಒಳಗೆ ನುಗ್ಗಿ ಬರುವ ಈ ಜಾಗದಲ್ಲಿ ಸೇತುವೆಯ ಉದ್ದ ಮೂರು ಕಿಲೋಮೀಟರಿಗೂ ಹೆಚ್ಚು. ಕಿಟಕಿಯಿಂದ ಕೆಳಗೆ ಇಣುಕಿದರೆ ಪಕ್ಕದಲ್ಲೇ ನೀರಿನಿಂದ ತಲೆಯೆತ್ತಿದ ಮೋಟು ಕಂಬಗಳ ಸಾಲೊಂದು ಕಾಣುತ್ತದೆ. ಅವು ಹಳೆಯ ಸೇತುವೆಯ ಬುಡಗಳು. 1879ರ ಡಿಸೆಂಬರ್ 28ರ ರಾತ್ರಿ ಬಿರುಗಾಳಿಗೆ ಆ ಸೇತುವೆಯ ನಡುಭಾಗ ಕುಸಿದು, ಮೇಲಿದ್ದ ರೈಲೂ ನದಿಯ ಪಾಲಾಯಿತು. ರೈಲಿನಲ್ಲಿದ್ದ ಒಬ್ಬರೂ ಉಳಿಯಲಿಲ್ಲ. ಎಂಟು ವರ್ಷಗಳ ನಂತರ ಅದರ ಪಕ್ಕದಲ್ಲೇ ಇನ್ನೊಂದು ಸೇತುವೆ ಕಟ್ಟಿದರು. ಇವತ್ತಿಗೂ ರೈಲು ಓಡುವುದು ಅದರ ಮೇಲೆಯೇ.

ಸೇತುವೆಯ ಆಚೆ ದಡದಲ್ಲಿ ಡಂಡೀ ನಗರ. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಈ ಊರಿನ ಜನಸಂಖ್ಯೆ ಒಂದೂವರೆ ಲಕ್ಷದ ಆಸುಪಾಸು. ನಡುವೆ ಲಾ ಎಂಬ ಗುಡ್ಡ, ಆರಿಹೋದ ಜ್ವಾಲಾಮುಖಿಯದು. ಅದರ ಇಳಿಜಾರಿನುದ್ದಕ್ಕೂ ನದಿಯವರೆಗೆ ಬೂದುಗಲ್ಲಿನ ಮನೆಗಳು. ನಿಲ್ದಾಣದ ಎದುರಿಗೇ ಜಪಾನಿನ ವಾಸ್ತುಶಿಲ್ಪಿ ಕೆಂಗೊ ಕುಮಾ ವಿನ್ಯಾಸ ಮಾಡಿದ ವಿ ಅಂಡ್ ಎ ವಸ್ತುಸಂಗ್ರಹಾಲಯ. 2018ರಲ್ಲಿ ಬಾಗಿಲು ತೆರೆಯಿತು. ಅದರ ಪಕ್ಕದಲ್ಲಿ, 1901ರಲ್ಲಿ ಇದೇ ಊರಿನಲ್ಲಿ ಕಟ್ಟಿ ನೀರಿಗಿಳಿಸಿದ ಡಿಸ್ಕವರಿ ಎಂಬ ಹಡಗು. ಕ್ಯಾಪ್ಟನ್ ಸ್ಕಾಟ್ ಅಂಟಾರ್ಕ್ಟಿಕಕ್ಕೆ ಮೊದಲ ಸಲ ಹೋದದ್ದು ಅದರಲ್ಲೇ. ಪ್ರವಾಸಿಗರು ಇವೆರಡನ್ನೂ ನೋಡಿ, ಹಡಗಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಮುಂದಿನ ಊರಿಗೆ ಹೊರಟುಬಿಡುತ್ತಾರೆ.

ಸ್ವಲ್ಪ ನಡೆಯುವ ಮನಸ್ಸಿದ್ದವರು ಪಶ್ಚಿಮಕ್ಕೆ ಪರ್ತ್ ರಸ್ತೆ ಹಿಡಿಯಬೇಕು. ವಿಶ್ವವಿದ್ಯಾಲಯದ ಕಟ್ಟಡಗಳನ್ನು ದಾಟಿದರೆ ಎಡಗಡೆ ಸೀಬ್ರೇಸ್ ಎಂಬ ಪುಟ್ಟ ಉದ್ಯಾನ, ಕೆಳಗೆ ನದಿ. ಅಲ್ಲಿ ಕಲ್ಲಿನ ಕಂಬಕ್ಕೆ ಅಂಟಿಕೊಂಡಂತೆ ಮೂರು ಕಂಚಿನ ಜೀವಿಗಳಿವೆ. ಗುಂಡು ತಲೆ, ಕೆದರಿದ ಕೂದಲು, ಉದ್ದ ನಿಲುವಂಗಿ. ದೇವರಲ್ಲ, ದೊರೆಯಲ್ಲ, ಯುದ್ಧದಲ್ಲಿ ಮಡಿದ ಯೋಧರೂ ಅಲ್ಲ. 1991ರಲ್ಲಿ ಬಂದ ಒಂದು ಕಂಪ್ಯೂಟರ್ ಆಟದ ಪಾತ್ರಗಳು. ಕಂಪ್ಯೂಟರ್ ಆಟಕ್ಕೆ ಊರವರು ಕಂಚಿನ ಪ್ರತಿಮೆ ಮಾಡಿಸಿ ನಿಲ್ಲಿಸುವುದೆಂದರೆ! ಆದರೆ ಡಂಡೀಯ ಕಥೆ ಗೊತ್ತಿದ್ದವರಿಗೆ ಇದು ಅತಿಯೆನಿಸುವುದಿಲ್ಲ. ಕೆಲಸ ಕಳೆದುಕೊಂಡ ಒಬ್ಬ ಹುಡುಗ, ಅವನ ನಾಲ್ಕಾರು ಗೆಳೆಯರು, ಅವರ ಮೇಲೆ ದುಡ್ಡು ಹೂಡಿದ ಒಬ್ಬ ಪ್ರಕಾಶಕ: ಇಷ್ಟರಿಂದ ಒಂದು ಊರಿನ ಕಸುಬು ಬದಲಾಯಿತು.

ಬಂಗಾಳದ ನಂಟು

ಡಂಡೀ ಎಂದರೆ ಮೂರು ವಸ್ತು ಎಂದು ಆ ನಾಡಿನ ಶಾಲಾ ಮಕ್ಕಳು ಬಾಯಿಪಾಠ ಮಾಡುತ್ತಿದ್ದರು. ಸೆಣಬು, ಜಾಮು, ಪತ್ರಿಕೆ. ಮೂರೂ ಇಂಗ್ಲಿಷಿನಲ್ಲಿ ‘ಜೆ’ ಅಕ್ಷರದಿಂದ ಆರಂಭವಾಗುವುದರಿಂದ ನೆನಪಿಡುವುದು ಸುಲಭ. ಕೀಲರ್ ಮನೆತನದ ಕಿತ್ತಳೆಯ ಮಾರ್ಮಲೇಡ್ ಜಗತ್ತಿಗೆಲ್ಲ ಹೋಯಿತು. ಡಿ.ಸಿ. ಥಾಮ್ಸನ್ ಎಂಬ ಪತ್ರಿಕಾ ಸಂಸ್ಥೆ 1937ರಲ್ಲಿ ‘ಡ್ಯಾಂಡಿ’, ಮರುವರ್ಷ ‘ಬೀನೊ’ ಎಂಬ ಮಕ್ಕಳ ಚಿತ್ರಕಥಾ ಪತ್ರಿಕೆಗಳನ್ನು ಇಲ್ಲಿಂದಲೇ ಹೊರತಂದಿತು. ಆದರೆ ಊರಿನ ಹೊಟ್ಟೆ ತುಂಬಿಸಿದ್ದು ಸೆಣಬು.

ಆ ಸೆಣಬು ಬರುತ್ತಿದ್ದದ್ದು ಬಂಗಾಳದಿಂದ. ಒರಟು ನಾರನ್ನು ಮೆದುಗೊಳಿಸಲು ತಿಮಿಂಗಿಲದ ಎಣ್ಣೆ ಬೇಕು. ಡಂಡೀ ತಿಮಿಂಗಿಲ ಬೇಟೆಯ ಬಂದರೂ ಆಗಿತ್ತು. ಎರಡೂ ಕೂಡಿಬಂದು, ಹತ್ತೊಂಬತ್ತನೆಯ ಶತಮಾನದಲ್ಲಿ ಜಗತ್ತಿನ ಗೋಣಿಚೀಲಗಳ ದೊಡ್ಡ ಪಾಲು ಇಲ್ಲಿ ನೇಯಲ್ಪಟ್ಟಿತು. ಗಿರಣಿಗಳಲ್ಲಿ ದುಡಿಯುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು. ಅವರ ಕೂಲಿ ಕಡಿಮೆ ಎಂಬುದೇ ಕಾರಣ. ಕೆಲಸವಿಲ್ಲದೆ ಮನೆಯಲ್ಲಿ ಉಳಿದ ಗಂಡಸರಿಗೆ ಚಹಾದ ನೀರು ಕಾಯಿಸುವವರು ಎಂಬ ಅಡ್ಡಹೆಸರಿತ್ತು. ಆಮೇಲೆ ಡಂಡೀಯ ಯಂತ್ರಗಳೂ ಮೇಸ್ತ್ರಿಗಳೂ ಹಡಗು ಹತ್ತಿ ಹೂಗ್ಲಿ ನದಿಯ ದಡಕ್ಕೆ ಬಂದರು. ಕಲ್ಕತ್ತೆಯ ಬಳಿಯ ರಿಷ್ರಾದಲ್ಲಿ 1855ರಲ್ಲಿ ಮೊದಲ ಗಿರಣಿ ಆರಂಭವಾಯಿತು. ಬೆಳೆಯುವ ಊರಿನಲ್ಲೇ ನೇಯುವುದು ಅಗ್ಗ ಎಂದು ಗೊತ್ತಾದ ಮೇಲೆ ಡಂಡೀಗೆ ಉಳಿದದ್ದು ಇಳಿಗಾಲ. ಒಂದೊಂದಾಗಿ ಮುಚ್ಚಿದ ಗಿರಣಿಗಳಲ್ಲಿ ಒಂದಾದ ವರ್ಡಂಟ್ ವರ್ಕ್ಸ್ ಈಗ ವಸ್ತುಸಂಗ್ರಹಾಲಯ.

ಸೆಣಬಿನ ಜಾಗವನ್ನು ತುಂಬಲೆಂದು ಎರಡನೆಯ ಮಹಾಯುದ್ಧದ ನಂತರ ಬಂದ ಕಾರ್ಖಾನೆಗಳಲ್ಲಿ ಅಮೆರಿಕದ ಟೈಮೆಕ್ಸ್ ಒಂದು. ಕೈಗಡಿಯಾರ ಮಾಡಲು ಬಂದದ್ದು. 1980ರ ದಶಕದ ಆರಂಭದಲ್ಲಿ ಅದಕ್ಕೆ ಬೇರೊಂದು ಕೆಲಸ ಸಿಕ್ಕಿತು. ಕ್ಲೈವ್ ಸಿಂಕ್ಲೇರ್ ಎಂಬ ಇಂಗ್ಲಿಷ್ ತಂತ್ರಜ್ಞನ ಅಗ್ಗದ ಮನೆ ಕಂಪ್ಯೂಟರುಗಳನ್ನು ಜೋಡಿಸಿ ಕೊಡುವ ಕೆಲಸ. 1982ರಲ್ಲಿ ಬಂದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಕಂಪ್ಯೂಟರಿಗೆ ಆರಂಭದ ಬೆಲೆ 125 ಪೌಂಡ್. ರಬ್ಬರಿನ ಗುಂಡಿಗಳು, ಟಿ.ವಿ.ಯೇ ಪರದೆ, ಹಾಡು ಕೇಳುವ ಕ್ಯಾಸೆಟ್ ರೆಕಾರ್ಡರೇ ಅದರ ಉಗ್ರಾಣ. ಮೆಮೊರಿ ದೊಡ್ಡ ಮಾದರಿಯಲ್ಲೂ 48 ಕಿಲೋಬೈಟ್. ಇವತ್ತು ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಅದರಲ್ಲಿ ಹಿಡಿಸುವುದಿಲ್ಲ. ಈ ಪೆಟ್ಟಿಗೆಗಳು ಲಕ್ಷಗಟ್ಟಲೆ ಡಂಡೀಯಿಂದ ಹೊರಬಿದ್ದವು. ಕೆಲವು ಕಾರ್ಖಾನೆಯ ಹಿಂಬಾಗಿಲಿನಿಂದಲೂ ಹೊರಬಿದ್ದವು, ಅದಕ್ಕೇ ಊರಿನ ಹುಡುಗರ ಕೈಗೆ ಬೇಗ ಕಂಪ್ಯೂಟರ್ ಬಂತು ಎಂದು ಊರವರು ನಗುತ್ತಾ ಹೇಳುವುದುಂಟು. ಇದಕ್ಕೆ ಲೆಕ್ಕಪತ್ರವನ್ನಂತೂ ಯಾರೂ ಇಟ್ಟಿರಲಾರರು!

ಸಂಜೆಯ ಕೂಟ

ಊರಿನ ಕಿಂಗ್ಸ್‌ವೇ ತಾಂತ್ರಿಕ ಕಾಲೇಜಿನಲ್ಲಿ ಹವ್ಯಾಸಿಗಳ ಕಂಪ್ಯೂಟರ್ ಕೂಟವೊಂದು ಸೇರುತ್ತಿತ್ತು. ಹುಡುಗರು ತಂತಮ್ಮ ಯಂತ್ರಗಳನ್ನು ಹೊತ್ತು ತಂದು, ತಾವು ಬರೆದದ್ದನ್ನು ತೋರಿಸಿ, ಬೇರೆಯವರದನ್ನು ಕಲಿತು ಮನೆಗೆ ಹೋಗುವರು. ಡೇವಿಡ್ ಜೋನ್ಸ್, ರಸೆಲ್ ಕೇ, ಸ್ಟೀವ್ ಹ್ಯಾಮಂಡ್, ಮೈಕ್ ಡೇಲಿ ಎಂಬ ನಾಲ್ವರ ಪರಿಚಯವಾದದ್ದು ಈ ಕೂಟದಲ್ಲಿ. ಯಾರೂ ಸಿರಿವಂತರ ಮಕ್ಕಳಲ್ಲ. ಇವರಲ್ಲಿ ಜೋನ್ಸ್ ಟೈಮೆಕ್ಸ್ ಕಾರ್ಖಾನೆಯಲ್ಲೇ ಕೆಲಸಕ್ಕಿದ್ದ.

ಟೈಮೆಕ್ಸ್‌ನಲ್ಲಿ ಜನ ಕಡಿಮೆ ಮಾಡುವ ಕಾಲ ಬಂತು. ತಾವಾಗಿ ಬಿಟ್ಟು ಹೋಗುವವರಿಗೆ ಪರಿಹಾರದ ಹಣ. ಜೋನ್ಸ್ ಆ ಹಣ ತೆಗೆದುಕೊಂಡು ಹೊರಬಂದ. ಈಗ ಪೋಷಕರಾದವರು ಒಂದು ಕ್ಷಣ ಕಣ್ಣು ಮುಚ್ಚಿ ಯೋಚಿಸಬೇಕು. ಕಾರ್ಖಾನೆಗಳೆಲ್ಲ ಬಾಗಿಲು ಹಾಕುತ್ತಿರುವ ಊರು. ಇದ್ದ ಕೆಲಸ ಬಿಟ್ಟು ಬಂದ ಮಗ. ಕೈಗೆ ಬಂದ ಹಣದಲ್ಲಿ ಅವನು ಮಾಡಿದ ಮೊದಲ ಖರ್ಚು ಅಮಿಗಾ ಎಂಬ ದುಬಾರಿ ಕಂಪ್ಯೂಟರ್. ಯಾವ ಮನೆಯಲ್ಲಾದರೂ ಆ ರಾತ್ರಿ ಊಟ ರುಚಿಸುತ್ತಿತ್ತೆ?

ಆದರೆ ಅವನು ಓದು ಬಿಟ್ಟು ಆಟಕ್ಕಿಳಿದವನಲ್ಲ. ಡಂಡೀಯ ತಾಂತ್ರಿಕ ಸಂಸ್ಥೆಯಲ್ಲಿ ಸಾಫ್ಟ್‌ವೇರ್ ಓದಲು ಸೇರಿಕೊಂಡ. ಹೊಸ ಅಮಿಗಾದ ಒಳಹೊರಗನ್ನು ಅರೆಯುತ್ತಾ, ಬಾಹ್ಯಾಕಾಶ ನೌಕೆಯೊಂದು ಗುಂಡು ಹಾರಿಸುತ್ತ ಮುಂದುವರಿಯುವ ಆಟವೊಂದನ್ನು ಬರೆದ. ಗೆಳೆಯರು ಸೇರಿ 1987ರ ಹೊತ್ತಿಗೆ ಕಂಪನಿಗೆ ಡಿಎಂಎ ಡಿಸೈನ್ ಎಂದು ಹೆಸರಿಟ್ಟರು. ಡಿಎಂಎ ಎಂಬುದು ಅಮಿಗಾದ ಕೈಪಿಡಿಯಲ್ಲಿ ಕಂಡ ತಾಂತ್ರಿಕ ಪದದ ಮೊದಲಕ್ಷರಗಳು. ಕೇಳಿದವರಿಗೆ ಅವರು ಹೇಳುತ್ತಿದ್ದದ್ದು ಬೇರೆ: ‘ಅದಕ್ಕೆ ಅರ್ಥವೇನೂ ಇಲ್ಲ’. ಇಂಗ್ಲಿಷಿನಲ್ಲಿ ಈ ಮಾತಿನ ಮೊದಲಕ್ಷರಗಳೂ ಅವೇ ಮೂರು.

ಹಸ್ತಪ್ರತಿ ಹಿಡಿದು ಹೊರಟವ

ಆಟ ಬರೆದಾಯಿತು, ಮುಂದೆ? ಇಂದಿನ ಹುಡುಗರು ಇಂಟರ್ನೆಟ್‌ನಲ್ಲಿ ಏರಿಸಿ ಕೂತುಬಿಡಬಹುದು. ಅಂದು ಆಟವೆಂದರೆ ಫ್ಲಾಪಿ, ಬಣ್ಣದ ಪೆಟ್ಟಿಗೆ, ಅದರೊಳಗೊಂದು ಕೈಪುಸ್ತಕ. ಅದನ್ನು ಸಾವಿರಾರು ಪ್ರತಿ ಮಾಡಿಸಿ, ದೇಶದ ಅಂಗಡಿಗಳಿಗೆಲ್ಲ ಮುಟ್ಟಿಸಿ, ಪತ್ರಿಕೆಗಳಲ್ಲಿ ಜಾಹೀರಾತು ಕೊಡಿಸುವ ಶಕ್ತಿ ಇದ್ದದ್ದು ಪ್ರಕಾಶಕನಿಗೆ ಮಾತ್ರ. ಪುಸ್ತಕ ಬರೆದವರು ಹಸ್ತಪ್ರತಿಯನ್ನು ಕಂಕುಳಲ್ಲಿಟ್ಟುಕೊಂಡು ಪ್ರಕಾಶಕರ ಮೆಟ್ಟಿಲು ಹತ್ತುವ ಹಾಗೆ, ಜೋನ್ಸ್ ಫ್ಲಾಪಿ ಹಿಡಿದು ಹೊರಟ.

ಹ್ಯೂಸನ್ ಎಂಬ ಪ್ರಕಾಶಕ ಸಂಸ್ಥೆಗೆ ಆಟ ಹಿಡಿಸಿತು. ಆದರೆ ಒಂದು ಷರತ್ತು. ತಮ್ಮದೇ ‘ಝೈನಾಪ್ಸ್’ ಎಂಬ ಆಟ ಆಗಲೇ ಬೇರೆ ಯಂತ್ರಗಳಲ್ಲಿ ಹೆಸರು ಮಾಡಿದೆ. ಈ ಹೊಸ ಆಟವನ್ನು ತಿದ್ದಿ ಅದರ ಅಮಿಗಾ ಆವೃತ್ತಿಯಾಗಿ ಮಾಡಿಕೊಡಬೇಕು. ವ್ಯಾಪಾರಿಯ ದೃಷ್ಟಿಯಿಂದ ಇದರಲ್ಲಿ ತಪ್ಪೇನೂ ಇಲ್ಲ. ಪರಿಚಿತ ಹೆಸರು ಬೇಗ ಮಾರಾಟವಾಗುತ್ತದೆ. ಮೊದಲ ಸಲ ಬಾಗಿಲು ತಟ್ಟಿದ ವಿದ್ಯಾರ್ಥಿಗಂತೂ ಇದು ಒಲ್ಲೆನೆನ್ನಲಾಗದ ಮಾತು. ಜೋನ್ಸ್ ಒಲ್ಲೆನೆಂದ. ತನ್ನ ಆಟ ತನ್ನದಾಗಿಯೇ ಹೊರಬರಬೇಕೆಂದು ಅದನ್ನು ಮತ್ತೆ ಕೈಯಲ್ಲಿ ಹಿಡಿದು ಬೇರೆ ಬಾಗಿಲು ಹುಡುಕಿದ. ಮುಂದೆ ನಡೆದದ್ದೆಲ್ಲ ಈ ಒಂದು ನಿರಾಕರಣೆಯ ಬೆನ್ನಿಗೆ ಬಂದದ್ದು. ಹಾಗೆಂದು ಎಲ್ಲರಿಗೂ ಇದೇ ದಾರಿ ಎನ್ನಲಾಗದು. ಎರಡನೆಯ ಬಾಗಿಲೂ ಮುಚ್ಚಿದ್ದರೆ ಈ ಕಥೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ತೆರೆದ ಬಾಗಿಲು ಲಿವರ್‌ಪೂಲ್ ನಗರದ್ದು. ಸೈಗ್ನೋಸಿಸ್ ಎಂಬ ಆ ಸಂಸ್ಥೆಯೂ ಬೂದಿಯಿಂದಲೇ ಎದ್ದದ್ದು. ಇಮ್ಯಾಜಿನ್ ಎಂಬ ಆಟದ ಕಂಪನಿ 1984ರಲ್ಲಿ ದಿವಾಳಿಯಾದಾಗ ಅಲ್ಲಿಂದ ಹೊರಬಿದ್ದ ಇಯಾನ್ ಹೆದರಿಂಗ್ಟನ್ ಮತ್ತು ಜೊನಾಥನ್ ಎಲ್ಲಿಸ್ ಕಟ್ಟಿದ ಸಂಸ್ಥೆ. ಅವರ ಆಟಗಳ ಪೆಟ್ಟಿಗೆಯ ಮೇಲೆ ರೋಜರ್ ಡೀನ್ ಬರೆದ ಗೂಬೆಯ ಲಾಂಛನ. ಅಂಗಡಿಯ ಕಪಾಟಿನಲ್ಲಿ ದೂರದಿಂದಲೇ ಕಣ್ಣಿಗೆ ಬೀಳುವ ಹೊದಿಕೆ. ಸೈಗ್ನೋಸಿಸ್ ಆಟಕ್ಕೆ ‘ಮೆನೇಸ್’ ಎಂದು ಹೊಸ ಹೆಸರಿಟ್ಟು 1988ರಲ್ಲಿ ಹೊರತಂದಿತು. ಹೆಸರು ಹೋದರೆ ಹೋಯಿತು, ಆಟ ಉಳಿಯಿತು. ಮರುವರ್ಷ ‘ಬ್ಲಡ್ ಮನಿ’. ಮೊದಲನೆಯದು 20 ಸಾವಿರ ಪ್ರತಿ, ಎರಡನೆಯದು 40 ಸಾವಿರ ಪ್ರತಿ ಮಾರಾಟವಾಯಿತು.

ಈ ವ್ಯವಹಾರದ ಒಳಗುಟ್ಟನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಆಟದ ಕಂಪನಿ ಕಟ್ಟುವ ಕನಸಿರುವ ಹುಡುಗರು ಎಡವುವುದು ಇಲ್ಲೇ. ಪ್ರಕಾಶಕ ಕೊಡುವ ಹಣ ಬಹುಮಾನವಲ್ಲ, ರಾಯಲ್ಟಿಯ ಮುಂಗಡ. ಉದಾಹರಣೆಗೆ ಹತ್ತು ಲಕ್ಷ ರೂಪಾಯಿ ಮುಂಗಡ, ಪ್ರತಿ ಪೆಟ್ಟಿಗೆಗೆ ಐವತ್ತು ರೂಪಾಯಿ ರಾಯಲ್ಟಿ ಎಂದು ಕರಾರಾಯಿತೆನ್ನಿ. 20 ಸಾವಿರ ಪೆಟ್ಟಿಗೆ ಮಾರಾಟವಾಗುವವರೆಗೆ ಆಟ ಮಾಡಿದವರಿಗೆ ಮತ್ತೆ ಒಂದು ಬಿಡಿಗಾಸೂ ಬಾರದು. ಮುಂಗಡವೂ ಒಂದೇ ಕಂತಿನಲ್ಲಿ ಬರುವುದಿಲ್ಲ. ಇಂಥ ತಿಂಗಳಿಗೆ ಇಷ್ಟು ಮುಗಿದಿರಬೇಕು, ತೋರಿಸಿದ ಮೇಲೆ ಮುಂದಿನ ಕಂತು. ಮನೆ ಕಟ್ಟುವವರಿಗೆ ಬ್ಯಾಂಕು ತಳಪಾಯಕ್ಕಿಷ್ಟು ತಾರಸಿಗಿಷ್ಟು ಎಂದು ಸಾಲ ಬಿಡುಗಡೆ ಮಾಡುವ ಹಾಗೆ. ಒಂದು ಕಂತು ತಪ್ಪಿದರೆ ಆ ತಿಂಗಳ ಸಂಬಳ ತಪ್ಪಿತು. ಎಲ್ಲಕ್ಕಿಂತ ಮುಖ್ಯವಾದ ಸಾಲು ಕರಾರಿನಲ್ಲಿ ಸಾಮಾನ್ಯವಾಗಿ ಯಾರೂ ಬೆರಳಿಟ್ಟು ಓದದ ಜಾಗದಲ್ಲಿರುತ್ತದೆ. ಆಟದ ಹೆಸರು, ಪಾತ್ರಗಳು, ಮುಂದಿನ ಭಾಗಗಳು ಯಾರ ಸ್ವತ್ತು?

ಊಟದ ಬಿಡುವಿನಲ್ಲಿ ಹುಟ್ಟಿದ್ದು

ಎರಡು ಆಟಗಳ ಗಳಿಕೆಯಿಂದ ಡಿಎಂಎ ಎರಡು ಕೋಣೆಯ ಪುಟ್ಟ ಕಚೇರಿ ಮಾಡಿತು. 1989ರ ಆಗಸ್ಟಿನಲ್ಲಿ ಅಲ್ಲೊಂದು ಚರ್ಚೆ. ಬೇರೊಂದು ಆಟಕ್ಕಾಗಿ ಪುಟಾಣಿ ಸೈನಿಕರು ಬೇಕಿದ್ದರು. ಪರದೆಯ ಮೇಲೆ ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದಲ್ಲಿ ನಡೆಯುವ ಮನುಷ್ಯನನ್ನು ತೋರಿಸಲಾದೀತೆ? ರಂಗೋಲಿಯ ಚುಕ್ಕೆಯಲ್ಲಾದರೆ ಎಂಟಕ್ಕೆ ಎಂಟರಲ್ಲಿ ಒಂದು ನವಿಲು ಬರಬಹುದು, ಅದು ನಡೆಯಬೇಕಾಗಿಲ್ಲ. ಮೈಕ್ ಡೇಲಿ ಊಟದ ಬಿಡುವಿನಲ್ಲಿ ಕೂತು ಅಂಥದೊಂದು ಪುಟ್ಟ ಆಕೃತಿ ಬರೆದ. ಸಾಲಾಗಿ ನಡೆದು ಬರುತ್ತವೆ, ಮೇಲಿನಿಂದ ಬಿದ್ದ ಭಾರಕ್ಕೆ ಅಪ್ಪಚ್ಚಿಯಾಗುತ್ತವೆ, ಹಿಂದಿನವು ಹಾಗೇ ನಡೆದು ಬರುತ್ತಿರುತ್ತವೆ. ಗ್ಯಾರಿ ಟಿಮನ್ಸ್ ಆ ನಡಿಗೆಯನ್ನು ಇನ್ನಷ್ಟು ತಿದ್ದಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಇದರಲ್ಲೊಂದು ಆಟವಿದೆ ಎಂದು ಮೊದಲು ಕಂಡವ ರಸೆಲ್ ಕೇ. ಅವಕ್ಕೆ ಲೆಮ್ಮಿಂಗ್ಸ್ ಎಂಬ ಹೆಸರೂ ಅವನದೇ. ಲೆಮ್ಮಿಂಗ್ ಎಂಬುದು ಹಿಮನಾಡಿನ ಒಂದು ಬಗೆಯ ಇಲಿ. ಗುಂಪಾಗಿ ಹೋಗಿ ಪ್ರಪಾತಕ್ಕೆ ಹಾರುತ್ತದೆಂದು ಅದರ ಬಗ್ಗೆ ಒಂದು ಸುಳ್ಳು ಕಥೆಯಿದೆ.

ಆಟ ಇಷ್ಟೇ. ಬಾಗಿಲೊಂದರಿಂದ ಈ ಜೀವಿಗಳು ಉದುರುತ್ತವೆ, ಎದುರಿಗೆ ಏನಿದೆಯೆಂದು ನೋಡದೆ ನಡೆಯುತ್ತವೆ. ಒಂದಕ್ಕೆ ಮೆಟ್ಟಿಲು ಕಟ್ಟು, ಇನ್ನೊಂದಕ್ಕೆ ನೆಲ ಅಗೆ, ಮತ್ತೊಂದಕ್ಕೆ ಅಡ್ಡ ನಿಲ್ಲು ಎಂದು ಎಂಟು ಬಗೆಯ ಕೆಲಸ ಹಂಚಿ ಅವುಗಳನ್ನು ಜೀವಂತವಾಗಿ ಮನೆ ಸೇರಿಸಬೇಕು. ಗುಂಡು ಹಾರಿಸುವ ಆಟಗಳ ಕಾಲದಲ್ಲಿ ಕೊಲ್ಲುವುದಕ್ಕಲ್ಲ, ಉಳಿಸುವುದಕ್ಕೆಂದು ಮಾಡಿದ ಆಟ. ಇದನ್ನು ಕಾಗದದ ಮೇಲೆ ಬರೆದು ಪ್ರಕಾಶಕನಿಗೆ ಕಳಿಸಿದ್ದರೆ? ಇಲಿಗಳನ್ನು ಮನೆ ಸೇರಿಸುವ ಆಟ ಎಂದು ಓದಿ ಬದಿಗಿಡುತ್ತಿದ್ದರೋ ಏನೋ.

ಜೋನ್ಸ್ ಕಾಗದ ಕಳಿಸಲಿಲ್ಲ. ಆಡಿ ನೋಡಬಹುದಾದ ಮಾದರಿಯನ್ನು ಸೈಗ್ನೋಸಿಸ್ ಕಚೇರಿಗೆ ಒಯ್ದು, ಅಲ್ಲಿದ್ದವರ ಕೈಗೆ ಕೊಟ್ಟು, ಊಟಕ್ಕೆ ಹೊರಟುಹೋದ. ತಿರುಗಿ ಬಂದು ನೋಡಿದರೆ ಕಚೇರಿಯ ಯಂತ್ರಗಳಲ್ಲೆಲ್ಲ ಅದೇ ಆಟ ನಡೆಯುತ್ತಿತ್ತು! ಈ ಪ್ರಸಂಗವನ್ನು ಅವನೇ ಮುಂದೆ ಹೇಳಿಕೊಂಡಿದ್ದಾನೆ. ಪ್ರಕಾಶಕನನ್ನು ಒಪ್ಪಿಸುವ ವಿದ್ಯೆಯ ಬಗ್ಗೆ ಎಷ್ಟೋ ಉಪನ್ಯಾಸಗಳಿವೆ. ಈ ಒಂದು ಊಟದ ಹೊತ್ತಿನಲ್ಲಿ ಅದರ ಮುಕ್ಕಾಲು ಪಾಲು ಇದೆ.

1991ರ ಫೆಬ್ರುವರಿ 14ರಂದು 120 ಹಂತಗಳ ‘ಲೆಮ್ಮಿಂಗ್ಸ್’ ಅಂಗಡಿಗೆ ಬಂತು. ಮೊದಲ ದಿನವೇ 55 ಸಾವಿರ ಪ್ರತಿ ಖರ್ಚಾಯಿತು. ಅಂದರೆ ‘ಬ್ಲಡ್ ಮನಿ’ಯ ಒಟ್ಟು ಮಾರಾಟವನ್ನು ಒಂದೇ ಹಗಲಿನಲ್ಲಿ ದಾಟಿತು. ಆಮೇಲೆ ಅದು ಹೋಗದ ಯಂತ್ರವಿಲ್ಲ.

ಎರಡು ವರ್ಷ ಕಳೆದು 1993ರಲ್ಲಿ ಅದೇ ಊರಿನಲ್ಲಿ ಎರಡು ಸುದ್ದಿ. ಟೈಮೆಕ್ಸ್ ಕಾರ್ಖಾನೆಯಲ್ಲಿ ತಿಂಗಳುಗಟ್ಟಲೆ ಮುಷ್ಕರ ನಡೆದು, ಗೇಟಿನ ಮುಂದೆ ಕಾರ್ಮಿಕರು, ಅವರಲ್ಲೂ ಹೆಂಗಸರೇ ಹೆಚ್ಚಾಗಿ ನಿಂತು ಹೋರಾಡಿ, ಆಗಸ್ಟಿನಲ್ಲಿ ಕಾರ್ಖಾನೆ ಶಾಶ್ವತವಾಗಿ ಮುಚ್ಚಿತು. ಅದೇ ವರ್ಷ ಸೋನಿ ಕಂಪನಿ ಸೈಗ್ನೋಸಿಸ್ ಅನ್ನು ಕೊಂಡುಕೊಂಡಿತು. ಲೆಮ್ಮಿಂಗ್ಸ್ ಹಕ್ಕು ಈಗ ಸೋನಿಯದು. ಪರ್ತ್ ರಸ್ತೆಯ ಕಂಚಿನ ಜೀವಿಗಳು ಹುಟ್ಟಿದ್ದು ಡಂಡೀಯಲ್ಲಿ, ಪಹಣಿ ಇರುವುದು ಬೇರೆಯವರ ಹೆಸರಿನಲ್ಲಿ.

ಕೊಟ್ಟವರ ಮನಸ್ಸು

ಗೆದ್ದವರಿಗೆ ಪ್ರಕಾಶಕರೇ ಹುಡುಕಿಕೊಂಡು ಬರುತ್ತಾರೆ. ಆದರೆ ಬಂದವರು ಉಳಿಯುತ್ತಾರೆಂದು ಭರವಸೆಯಿಲ್ಲ. ನಿಂಟೆಂಡೊ ತನ್ನ ಹೊಸ ಯಂತ್ರಕ್ಕೆ ಡಿಎಂಎಯಿಂದ ‘ಬಾಡಿ ಹಾರ್ವೆಸ್ಟ್’ ಎಂಬ ಆಟ ಮಾಡಿಸಿ, ನಡುದಾರಿಯಲ್ಲಿ ಪ್ರಕಟಣೆಯಿಂದ ಹಿಂದೆ ಸರಿಯಿತು. ಅದು 1998ರಲ್ಲಿ ಬೇರೆ ಪ್ರಕಾಶಕರ ಮೂಲಕ ಬೆಳಕು ಕಂಡಿತು.

ಇನ್ನೊಂದು ಆಟ, ಬಿಎಂಜಿ ಇಂಟರ್ಯಾಕ್ಟಿವ್ ಎಂಬ ಪ್ರಕಾಶಕರಿಗಾಗಿ 1995ರಲ್ಲಿ ಕೈಗೆತ್ತಿಕೊಂಡ ‘ರೇಸ್ ಎನ್ ಚೇಸ್’. ಕಾರು ಓಡಿಸುವ ಕಳ್ಳ ಪೊಲೀಸ್ ಆಟ. ಕೆಲಸ ಎಳೆಯುತ್ತಲೇ ಹೋಯಿತು, ನಿಲ್ಲಿಸಿಬಿಡೋಣ ಎಂಬ ಮಾತೂ ಬಂತು. ಅಷ್ಟರಲ್ಲಿ ಒಂದು ದೋಷದಿಂದ ಪೊಲೀಸ್ ಕಾರುಗಳು ಹುಚ್ಚು ಹಿಡಿದವರಂತೆ ಆಟಗಾರನ ಮೇಲೆ ನುಗ್ಗತೊಡಗಿದವು. ಪರೀಕ್ಷೆಗೆಂದು ಆಡುತ್ತಿದ್ದವರಿಗೆ ಅದೇ ಹಿಡಿಸಿಬಿಟ್ಟಿತು. ಆ ಆಟ 1997ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೊ’ ಎಂಬ ಹೆಸರಿನಲ್ಲಿ ಹೊರಬಂತು. ಹೆಸರು ಕೇಳಿ ಪೋಷಕರು ಹುಬ್ಬು ಗಂಟಿಕ್ಕುವುದು ಸಹಜ. ಬ್ರಿಟನ್ನಿನಲ್ಲಿ ಅದು ಹದಿನೆಂಟು ದಾಟಿದವರಿಗೆ ಮಾತ್ರ. ಮನೆಯ ಮಕ್ಕಳ ಕೈಗೆ ಸಿಗಬೇಕಾದ ಆಟವಲ್ಲ ಎಂಬುದರಲ್ಲಿ ಎರಡು ಮಾತಿಲ್ಲ.

ಮುಂದಿನದನ್ನು ಚುಟುಕಾಗಿ ಹೇಳಿದರೆ ಸಾಕು. ಡಿಎಂಎ 1997ರಲ್ಲಿ ಗ್ರೆಮ್ಲಿನ್ ಎಂಬ ಕಂಪನಿಯ ಕೈಸೇರಿ, ಗ್ರೆಮ್ಲಿನ್ ಫ್ರಾನ್ಸಿನ ಇನ್ಫೊಗ್ರೇಮ್ಸ್‌ಗೆ ಹೋಗಿ, 1999ರಲ್ಲಿ ಡಿಎಂಎ ಅಮೆರಿಕದ ಟೇಕ್ ಟೂ ಪಾಲಾಯಿತು. ಕಚೇರಿ ಎಡಿನ್‌ಬರೋಗೆ ಸ್ಥಳಾಂತರವಾಗಿ 2002ರಲ್ಲಿ ಹೆಸರೂ ರಾಕ್‌ಸ್ಟಾರ್ ನಾರ್ತ್ ಎಂದಾಯಿತು. ಅರ್ಥವಿಲ್ಲದ ಆ ಮೂರಕ್ಷರ ಅಳಿಸಿಹೋಯಿತು.

ಜೋನ್ಸ್ ಡಂಡೀಯಲ್ಲೇ ಉಳಿದು ರಿಯಲ್‌ಟೈಮ್ ವರ್ಲ್ಡ್ಸ್ ಎಂಬ ಹೊಸ ಸ್ಟುಡಿಯೊ ಕಟ್ಟಿದ. ಮೈಕ್ರೊಸಾಫ್ಟ್ ಪ್ರಕಾಶಕನಾಗಿ 2007ರಲ್ಲಿ ಬಂದ ಅವರ ‘ಕ್ರ್ಯಾಕ್‌ಡೌನ್’ ಯಶಸ್ವಿಯಾಯಿತು. ಮುಂದಿನ ಆಟಕ್ಕೆ ಹಣದ ಕೊರತೆಯೇ ಇರಲಿಲ್ಲ. ಹೂಡಿಕೆದಾರರಿಂದ ಬಂದದ್ದು ಹತ್ತು ಕೋಟಿ ಡಾಲರಿಗೂ ಹೆಚ್ಚು. ‘ಎಪಿಬಿ’ ಎಂಬ ಆ ಆಟ 2010ರ ಜೂನ್ ಕೊನೆಗೆ ಬಂತು, ಜನ ಒಪ್ಪಲಿಲ್ಲ. ಆಗಸ್ಟಿನಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಸೇರಿತು, ಸೆಪ್ಟೆಂಬರಿನಲ್ಲಿ ಆಟವೇ ಬಂದಾಯಿತು. ಹತ್ತಾರು ಮನೆಗಳಲ್ಲಿ ಮತ್ತೆ ಅದೇ ಹಳೆಯ ಸುದ್ದಿ, ನಾಳೆಯಿಂದ ಕೆಲಸವಿಲ್ಲ. ಎಂಟು ಚುಕ್ಕೆಯ ಇಲಿಯನ್ನು ಊಟದ ಬಿಡುವಿನಲ್ಲಿ ಆಡಿಸಿ ನೋಡಿದ್ದ ಮನುಷ್ಯ, ಕೋಟಿಗಟ್ಟಲೆ ಸುರಿದು ವರ್ಷಗಟ್ಟಲೆ ಕಟ್ಟಿದ್ದು ಆಡುವವರ ಕೈಗೆ ಹೋದಾಗ ಹಿಂತಿರುಗುವ ದಾರಿಯಿರಲಿಲ್ಲ. ಹಣ ಕಡಿಮೆಯಿದ್ದಾಗ ಬೇಗ ತೋರಿಸಲೇಬೇಕಾದ ಒತ್ತಾಯವಿರುತ್ತದೆ. ಆ ಒತ್ತಾಯದಲ್ಲಿ ಒಂದು ರಕ್ಷಣೆಯೂ ಇತ್ತೆಂದು ತೋರುತ್ತದೆ.

ಊರು ಮಾತ್ರ ಈ ಸಲ ಗೋಣಿಯ ಕಾಲದಂತೆ ಕುಸಿಯಲಿಲ್ಲ. ಸೆಣಬಿನ ಯಂತ್ರ ಹಡಗು ಹತ್ತಿ ಹೋದಂತೆ ತಲೆಯೊಳಗಿನ ವಿದ್ಯೆ ಹೋಗುವುದಿಲ್ಲವಲ್ಲ. ಕೆಲಸ ಕಳೆದುಕೊಂಡವರು ಮೂವರು, ಐವರು ಸೇರಿ ಪುಟ್ಟ ಸ್ಟುಡಿಯೊಗಳನ್ನು ಕಟ್ಟಿಕೊಂಡರು. ಮಕ್ಕಳೆಲ್ಲ ಬಲ್ಲ ‘ಮೈನ್‌ಕ್ರಾಫ್ಟ್’ ಆಟವನ್ನು 2012ರಲ್ಲಿ ಎಕ್ಸ್‌ಬಾಕ್ಸ್ ಯಂತ್ರಕ್ಕೆ ಒಗ್ಗಿಸಿದ 4ಜೆ ಸ್ಟುಡಿಯೋಸ್ ಡಂಡೀಯದು. ಹೆಸರಿನಲ್ಲೇ ಗುಟ್ಟಿದೆ. ಮೂರು ‘ಜೆ’ಗಳ ಊರಿಗೆ ನಾಲ್ಕನೆಯದು.

ಬೆಂಗಳೂರಿನ ಬಾಗಿಲು

ಈ ಕಥೆಗೆ ಕರ್ನಾಟಕದಲ್ಲೂ ಒಂದು ತುದಿಯಿದೆ. ‘ಗ್ರ್ಯಾಂಡ್ ಥೆಫ್ಟ್ ಆಟೊ’ ಬಂದ 1997ರಲ್ಲೇ ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರ ಧ್ರುವ ಇಂಟರ್ಯಾಕ್ಟಿವ್ ಆರಂಭವಾಯಿತು. ಭಾರತದ ಆಟ ತಯಾರಕರಲ್ಲಿ ಇದು ತೀರಾ ಮೊದಲಿನದು. ಇಲ್ಲಿ ಆಟಕ್ಕೆ ಹಣ ಹೂಡುವ ಪ್ರಕಾಶಕರೇ ಇಲ್ಲದ ಕಾಲ. ಆದ್ದರಿಂದ ಅದು ಹಿಡಿದ ದಾರಿ ಬೇರೆ. ಪರದೇಶದ ದೊಡ್ಡ ಆಟಗಳಿಗೆ ಬೇಕಾದ ಕಾರು, ಕಟ್ಟಡ, ಆಯುಧ, ಮನುಷ್ಯರ ಚಿತ್ರಮಾದರಿಗಳನ್ನು ಕೂಲಿಗೆ ಮಾಡಿಕೊಡುವುದು. ಅದರಲ್ಲಿ ಮುಂಗಡದ ಜೂಜಿಲ್ಲ, ತಿಂಗಳ ಸಂಬಳಕ್ಕೆ ಮೋಸವಿಲ್ಲ. ಆಟದ ಮೇಲೆ ಹಕ್ಕೂ ಇಲ್ಲ. 2019ರಲ್ಲಿ ಧ್ರುವವನ್ನು ಕೊಂಡದ್ದು ರಾಕ್‌ಸ್ಟಾರ್. ಡಿಎಂಎಯ ಹೆಸರನ್ನು ಅಳಿಸಿದ ಅದೇ ಸಂಸ್ಥೆ. ಮರುವರ್ಷ ಅದು ಡಂಡೀಗೂ ತಿರುಗಿ ಬಂದು, ಅಲ್ಲಿನ ರಫಿಯನ್ ಗೇಮ್ಸ್ ಎಂಬ ಸ್ಟುಡಿಯೊವನ್ನು ಕೊಂಡು ರಾಕ್‌ಸ್ಟಾರ್ ಡಂಡೀ ಎಂದು ಹೆಸರಿಟ್ಟಿತು. ಒಂದು ಕಾಲಕ್ಕೆ ಸೆಣಬು ಡಂಡೀಯನ್ನೂ ಕಲ್ಕತ್ತೆಯನ್ನೂ ಬಿಗಿದಂತೆ ಈಗ ಒಂದೇ ಮಾಲೀಕತ್ವ ಡಂಡೀಯನ್ನೂ ಬೆಂಗಳೂರನ್ನೂ ಸೇರಿಸಿದೆ.

ಡಂಡೀಯಲ್ಲಿ ಈಗ ಹೊಸಬರಿಗೆ ಬಾಗಿಲುಗಳು ಹೆಚ್ಚಿವೆ. ಜೋನ್ಸ್ ಓದಲು ಸೇರಿದ್ದ ತಾಂತ್ರಿಕ ಸಂಸ್ಥೆ 1994ರಲ್ಲಿ ಅಬರ್ಟೇ ವಿಶ್ವವಿದ್ಯಾಲಯವಾಗಿ, 1997ರಲ್ಲಿ ಕಂಪ್ಯೂಟರ್ ಆಟಗಳಿಗೆಂದೇ ಪದವಿ ತರಗತಿ ತೆರೆಯಿತು. ಜಗತ್ತಿನಲ್ಲಿ ಅಂಥದು ಅದೇ ಮೊದಲು. ಮಗ ಯಾವ ಕೋರ್ಸು ಎಂದು ನೆಂಟರು ಕೇಳಿದಾಗ ಆ ವರ್ಷದ ಪೋಷಕರು ಏನು ಉತ್ತರ ಹೇಳಿರಬಹುದು! 2015ರಲ್ಲಿ ಬ್ರಿಟಿಷ್ ಸರ್ಕಾರದ ಹಣದಿಂದ ಯುಕೆ ಗೇಮ್ಸ್ ಫಂಡ್ ಎಂಬ ನಿಧಿ ಆರಂಭವಾಯಿತು. ಅದರ ಆಡಳಿತ ಲಂಡನ್ನಿನಿಂದಲ್ಲ, ಡಂಡೀಯಿಂದ. ಪುಟ್ಟ ತಂಡಗಳಿಗೆ ಆಟದ ಮಾದರಿ ಮಾಡಿಕೊಳ್ಳಲು ಆರಂಭದ ವರ್ಷಗಳಲ್ಲಿ 25 ಸಾವಿರ ಪೌಂಡ್‌ವರೆಗೆ ಅನುದಾನ ಕೊಡುತ್ತಿತ್ತು. ಇಡೀ ಆಟಕ್ಕೆ ಅದು ಸಾಲದು. ಮಾದರಿ ಕೈಯಲ್ಲಿ ಹಿಡಿದು ಪ್ರಕಾಶಕನ ಮುಂದೆ ಹೋಗಿ ನಿಲ್ಲುವುದಕ್ಕೆ ಸಾಕು.

ಅಬರ್ಟೇ ‘ಡೇರ್ ಟು ಬಿ ಡಿಜಿಟಲ್’ ಎಂಬ ಸ್ಪರ್ಧೆಯನ್ನೂ ಹಲವು ವರ್ಷ ನಡೆಸಿತು. ಐದೈದು ವಿದ್ಯಾರ್ಥಿಗಳ ತಂಡಗಳು ಬೇಸಿಗೆ ರಜೆಯ ಕೆಲವು ವಾರ ಕೂತು ಒಂದೊಂದು ಆಟದ ಮಾದರಿ ಮಾಡುವುದು. ಕೊನೆಗೆ ಅದನ್ನು ಊರ ನಡುವೆ ಸಾರ್ವಜನಿಕರಿಗೆ ಆಡಲು ಬಿಡುವುದು. ಅಪ್ಪ ಅಮ್ಮಂದಿರ ಕೈ ಹಿಡಿದು ಬಂದ ಮಕ್ಕಳು ಕುರ್ಚಿ ಏರಿ ಆಡುವರು, ಬೇಸರವಾದರೆ ಎದ್ದು ಪಕ್ಕದ ಮೇಜಿಗೆ ಹೋಗುವರು. ಆಟ ಮಾಡಿದ ಹುಡುಗರು ಮಾತ್ರ ಅಲ್ಲಿಂದ ಕದಲದೆ, ಯಾವ ಮಗು ಎಷ್ಟು ಹೊತ್ತು ಕೂತಿತೆಂದು ನೋಡುತ್ತಿರುವರು.